ನಜ್ಜಾರೆನೋ ತಲೆ ಇಟ್ಟು ಬರಲು ಹೋದದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಬೇರೆ ಊರಿನವರು ಹೇಳಿಕೊಳ್ಳಲಿ. ನಮ್ಮ ರೋಮಿನಲ್ಲಿ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಒಂದು ಮೊಳ ನೆಲ ಅಗೆದು ನೋಡಿದರೆ ಸಾಕು. ಹಾರೆ ನಾಲ್ಕು ಸಲ ಬೀಳುವಷ್ಟರಲ್ಲಿ ಯಾವನೋ ಚಕ್ರವರ್ತಿಯ ಮೊಣಕೈ ಸಿಗುತ್ತದೆ. ಮೊಣಕೈಯ ಹಿಂದೆ ಹಳೇಕಲ್ಲಿನ ಇಲಾಖೆಯವರು ಬರುತ್ತಾರೆ, ಅವರ ಹಿಂದೆ ಕೆಂಪು-ಬಿಳಿ ಪಟ್ಟಿ ಬರುತ್ತದೆ. ಆ ಪಟ್ಟಿ ಒಂದು ಸಲ ಬಾಗಿಲಿಗೆ ಬಿತ್ತೆಂದರೆ ಕಟ್ಟಿದ ಅಧಿಕಾರಿ ನಿವೃತ್ತನಾದರೂ ಪಟ್ಟಿ ನಿವೃತ್ತಿಯಾಗುವುದಿಲ್ಲ. ನಮ್ಮ ಮೋಂತಿ ಕೇರಿಯ ರೊಟ್ಟಿ ಅಂಗಡಿ ಪೊಂಪಿಲಿಯೋನನ್ನೇ ನೋಡಿ. ಸೋರುವ ಕೊಳಾಯಿ ರಿಪೇರಿ ಮಾಡಿಸಲು ಹೋಗಿ ಎರಡು ಸಾವಿರ ವರ್ಷದ ಹಿಂದಿನ ಚರಂಡಿ ಪತ್ತೆ ಹಚ್ಚಿದ, ಪುಣ್ಯಾತ್ಮ! ಅಂದು ಆರಿದ ಒಲೆ ಇಂದಿಗೂ ಹೊತ್ತಿಲ್ಲ. ದೇಶದೇಶದ ವಿದ್ವಾಂಸರು ಬಂದು ಚರಂಡಿಯನ್ನು ಬಾಯ್ತುಂಬ ಹೊಗಳಿ ಹೋಗುತ್ತಾರೆ. ಪೊಂಪಿಲಿಯೋ ಅಳಿಯನ ಮನೆಯಲ್ಲಿ ಕೂತು ಉಣ್ಣುತ್ತಾನೆ.

ಇದೆಲ್ಲ ಗೊತ್ತಿದ್ದೂ ಅದೇ ಕೇರಿಯ ನಜ್ಜಾರೆನೋ ತನ್ನ ಊಟದ ಅಂಗಡಿಯ ನೆಲಮಾಳಿಗೆಯಲ್ಲಿ ಕಕ್ಕಸು ಕಟ್ಟಿಸಲು ಹೊರಟದ್ದು ಧೈರ್ಯದಿಂದಲ್ಲ, ಗತಿ ಇಲ್ಲದೆ. ಆರೋಗ್ಯ ಇಲಾಖೆಯವನು ಬಂದು, ಎರಡು ತಟ್ಟೆ ತುಂಬ ಮೆಣಸಿನ ಪಾಸ್ತಾ ತಿಂದು, ಬಾಯಿ ಒರೆಸಿಕೊಂಡು, "ಗಿರಾಕಿಗಳಿಗೆ ಬೇರೆ ಕಕ್ಕಸು ಇಲ್ಲ. ತಿಂಗಳ ಕೊನೆಯೊಳಗೆ ಆಗಬೇಕು, ಇಲ್ಲದಿದ್ದರೆ ಬೀಗ," ಎಂದು ಹೇಳಿ ಹೋಗಿದ್ದ. ಅಂಗಡಿಯೋ ಅಂಗೈಯಗಲ. ಜಾಗವಿದ್ದದ್ದು ಕೆಳಗೆ ಮಾತ್ರ. ಕಟ್ಟಡ ಸೋದರತ್ತೆ ಎರ್ಸಿಲಿಯಾಳದು. ಅವಳು ತನ್ನ ಅಪ್ಪನ ನೆಲಮಾಳಿಗೆಗೆ ಪೊರಕೆ ಸಹ ತಾಗಿಸಲು ಬಿಡುವವಳಲ್ಲ. ಸದ್ಯ, ಮುದುಕಿ ಮೂತ್ರಪಿಂಡಕ್ಕೆ ಒಳ್ಳೆಯದೆಂದು ಫ್ಯೂಜಿ ಊರಿನ ಊಟೆ ನೀರು ಕುಡಿಯಲು ಹೋಗಿದ್ದಳು. ಅವಳು ನೀರು ಕುಡಿದು ಮುಗಿಸುವುದರೊಳಗೆ ಕಕ್ಕಸು ಎದ್ದು ನಿಲ್ಲಬೇಕಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ನಜ್ಜಾರೆನೋನ ಅಂಗಡಿಯ ಫಲಕದಲ್ಲಿ 'ಪುರಾತನ ಭೋಜನಶಾಲೆ' ಎಂದಿದೆ. ಒಳಗೆ ಗೋಡೆಯ ಮೇಲೆ ಅವನ ತಾತ ಅಮೆರೀಗೋನ ದೊಡ್ಡ ಫೋಟೋ, ಹ್ಯಾಂಡಲ್ ಮೀಸೆಯದು. ಬಂದವರಿಗೆಲ್ಲ ನಜ್ಜಾರೆನೋ, "ಸ್ವಾಮೀ, ಈ ಗೋಡೆ ಸಾಮಾನ್ಯದ್ದಲ್ಲ, ಇಲ್ಲಿ ಕಾಲಿಟ್ಟ ಕಡೆ ಇತಿಹಾಸ," ಅಂತ ಬಡಿಸುತ್ತಾ ಬಡಿಸುತ್ತಾ ಹೇಳುತ್ತಿದ್ದ. ಇತಿಹಾಸಕ್ಕೂ ಕಿವಿ ಇದೆ ಅಂತ ಅವನಿಗೇನು ಗೊತ್ತು?

ಸೋಮವಾರ ಬೆಳಿಗ್ಗೆ ಎಜಿಸ್ತೋ ಮೇಸ್ತ್ರಿ ಹಾರೆ ಹಾಕಿದ. ಠಣ್ ಎಂದಿತು.

"ಏನೂ ಕೇಳಿಸ್ಲಿಲ್ಲ," ಎಂದ ಎಜಿಸ್ತೋ ತಕ್ಷಣ.

"ನನಗೆ ಕೇಳಿಸ್ತಲ್ಲಯ್ಯ!"

"ನಿಮಗೂ ಕೇಳಿಸ್ಲಿಲ್ಲ ಯಜಮಾನ್ರೇ. ಸಿಮೆಂಟ್ ಕಲಸ್ಲಾ?"

ರೋಮಿನ ಮೇಸ್ತ್ರಿಗಳ ಮೊದಲ ಪಾಠವೇ ಇದು. ಸದ್ದು ಬಂದರೆ ಸಿಮೆಂಟು. ಊರಿನ ಅರ್ಧ ಇತಿಹಾಸ ಪುಸ್ತಕದಲ್ಲಿದೆ, ಇನ್ನರ್ಧ ಎಜಿಸ್ತೋನಂಥವರ ಸಿಮೆಂಟಿನ ಕೆಳಗಿದೆ. ನಜ್ಜಾರೆನೋ "ಕಲಸು" ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ಅವನ ಹೆಂಡತಿ ಲೊರೆದಾನಾ ಕೈಯಲ್ಲಿ ಸೌಟು ಹಿಡಿದುಕೊಂಡೇ ಇಳಿದು ಬಂದು ಗುಂಡಿಯೊಳಗೆ ಬಗ್ಗಿ ನೋಡಿದಳು. ಕಲ್ಲಂಗಡಿ ಗಾತ್ರದ ಅಮೃತಶಿಲೆಯ ತಲೆ. ಗುಂಗುರು ಕೂದಲು, ತುಂಬಿದ ಕೆನ್ನೆ, ಮೂಗು ಮಾತ್ರ ಇಲ್ಲ.

"ಅಯ್ಯೋ, ಎಷ್ಟು ಲಕ್ಷಣವಾಗಿದ್ದಾನ್ರೀ! ಮೂಗೊಂದಿದ್ದಿದ್ರೆ ನಿಮಗಿಂತ ಎಷ್ಟೋ ವಾಸಿ."

"ಲಕ್ಷಣ ಆಮೇಲೆ ನೋಡು. ಎಜಿಸ್ತೋ, ಸಿಮೆಂಟ್ ಹಾಕು."

"ಏನಂದ್ರಿ? ಈ ಮುಖದ ಮೇಲೆ ಕಕ್ಕಸು ಕಟ್ತೀರಾ? ದೇವರು ಮೆಚ್ತಾನಾ? ನಾಳೆ ಗಿರಾಕಿಗಳು ಬಂದು ಇವನ ತಲೆ ಮೇಲೆ ಕೂರೋದಾ? ಕೈ ಇದ್ದಿದ್ರೆ ಬೇರೆ ಮಾತು, ಕಾಲಿದ್ದಿದ್ರೂ ಸುಮ್ನಿರ್ತಿದ್ದೆ. ಇದು ಮುಖ ಕಣ್ರೀ, ನೋಡ್ತಾ ಇದೆ!"

ನೋಡುತ್ತಿತ್ತು ನಿಜ. ನಜ್ಜಾರೆನೋ ಒಂದು ಪಕ್ಕಕ್ಕೆ ಸರಿದ, ಆಗಲೂ ನೋಡಿತು. ಎಜಿಸ್ತೋ ಶಿಲುಬೆ ಗುರುತು ಮಾಡಿಕೊಂಡು, ತಾನು ಮಧ್ಯಾಹ್ನದ ಊಟಕ್ಕೆ ಹೋಗಿ ಬರುತ್ತೇನೆಂದು ಬೆಳಗಿನ ಒಂಬತ್ತಕ್ಕೇ ಹೊರಟುಬಿಟ್ಟ.

ಇಲಾಖೆಗೆ ಹೇಳಿದರೆ ಪೊಂಪಿಲಿಯೋನ ಗತಿ. ತೈಬರ್ ನದಿಗೆ ಎಸೆಯೋಣವೆಂದರೆ ಸೇತುವೆಯ ಮೇಲೆ ಹೊತ್ತುಗೊತ್ತಿಲ್ಲದೆ ಪ್ರೇಮಿಗಳು ನಿಂತಿರುತ್ತಾರೆ. ಜೊತೆಗೆ ಏನನ್ನಾದರೂ ನೀರಿಗೆ ಎಸೆದರೆ ಹೆಂಡತಿಯನ್ನೇ ಎಸೆದ ಅಂತ ಪೊಲೀಸರು ಬರುತ್ತಾರೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನಜ್ಜಾರೆನೋನಿಗೆ ಬೆಳಕಾಯಿತು. ಕಲ್ಲನ್ನು ಎಲ್ಲಿ ಬಚ್ಚಿಡಬೇಕು? ಕಲ್ಲುಗಳ ನಡುವೆ! ಕೊಲೋಸಿಯಂ ಪಕ್ಕದ ಫೋರಂ ಬಯಲಿನಲ್ಲಿ ಮುರಿದ ಕಂಬ, ಒಡೆದ ಕೈ, ಅರ್ಧ ಕುದುರೆ ಅಂತ ಸಾವಿರಗಟ್ಟಲೆ ಬಿದ್ದಿವೆ. ಅದರ ಮಧ್ಯೆ ಇನ್ನೊಂದು ತಲೆ ಇಟ್ಟು ಬಂದರೆ ಯಾರಪ್ಪ ಎಣಿಸುತ್ತಾನೆ? ತಿಂಗಳ ಮೊದಲ ಭಾನುವಾರ ಕೊಲೋಸಿಯಂ, ಫೋರಂ ಎಲ್ಲ ಬಿಟ್ಟಿ ಪ್ರವೇಶ. ಜನಜಂಗುಳಿ. ಅದೇ ಸರಿ.

ಭಾನುವಾರ ಗಂಡ ಹೆಂಡತಿ ಹೊಸ ಬಟ್ಟೆ ತೊಟ್ಟು, ಸಂತೆಗೆ ಒಯ್ಯುವ ಗಾಲಿ ಚೀಲದಲ್ಲಿ ತಲೆ ಇಟ್ಟು, ಮೇಲೆ ಚಿಕೋರಿ ಸೊಪ್ಪು ಮುಚ್ಚಿ ಹೊರಟರು. ಎದುರಿನ ಕಾಫಿ ಅಂಗಡಿ ಎಲ್ವಿಯೋ ಬಾಗಿಲಲ್ಲೇ ನಿಂತಿದ್ದ. ಅವನು ಯಾವಾಗಲೂ ಬಾಗಿಲಲ್ಲೇ ನಿಂತಿರುತ್ತಾನೆ. ಕಾಫಿ ಮಾಡುವುದು ಅವನ ಹವ್ಯಾಸ, ಕೇರಿಯ ಸುದ್ದಿ ಅವನ ಕಸುಬು.

"ಎಲ್ಲಿಗಯ್ಯ ಸವಾರಿ, ಇಷ್ಟು ಜೋರಾಗಿ?"

"ಕೊಲೋಸಿಯಂ ನೋಡೋಕೆ."

ಎಲ್ವಿಯೋ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟುಬಿಟ್ಟ. "ಯಾಕೆ? ಏನಾಯ್ತು?"

"ಏನೂ ಇಲ್ಲ. ಸುಮ್ನೆ. ನೋಡ್ಬೇಕು ಅನ್ನಿಸ್ತು."

ರೋಮಿನಲ್ಲಿ ಹುಟ್ಟಿ ಬೆಳೆದವನು ಕೊಲೋಸಿಯಂ ಪಕ್ಕ ದಿನಾ ಸ್ಕೂಟರಿನಲ್ಲಿ ಹೋಗುತ್ತಾನೆ, ಅದಕ್ಕೆ ಬೆನ್ನು ಹಾಕಿ ಬಸ್ಸಿಗೆ ಕಾಯುತ್ತಾನೆ, ವಾಹನ ಸಿಕ್ಕಿಕೊಂಡರೆ ಅದನ್ನು ಕಟ್ಟಿದವನ ತಾಯಿಯನ್ನು ಬೈಯುತ್ತಾನೆ. ಆದರೆ ಒಳಗೆ ಹೋಗುವುದೆಂದರೇನು! ಸುಮ್ಮಸುಮ್ಮನೆ! ಎಲ್ವಿಯೋ ಲೊರೆದಾನಾಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

"ತಂಗೀ, ಮುಚ್ಚುಮರೆ ಬೇಡ. ಡಾಕ್ಟ್ರು ಏನಂದ್ರು?"

ಲೊರೆದಾನಾಳ ಗಮನವೆಲ್ಲ ಸೊಪ್ಪಿನ ಮೇಲೆ. "ಏನಂತ ಹೇಳ್ಲಿ ಅಣ್ಣಾ, ಇವತ್ತೊಂದು ದಿನ ಸುಸೂತ್ರವಾಗಿ ಕಳೆದ್ರೆ ಸಾಕು," ಎಂದು ನಿಟ್ಟುಸಿರು ಬಿಟ್ಟಳು.

ಮುಗಿಯಿತು. ಇವರು ಬೀದಿಯ ತಿರುವು ದಾಟುವಷ್ಟರಲ್ಲಿ ಕೇರಿಯವರು ನಜ್ಜಾರೆನೋನಿಗೆ ಮೂರು ತಿಂಗಳು ಆಯಸ್ಸು ಕೊಟ್ಟರು. ಚರ್ಚಿನ ಪೂಜೆ ಮುಗಿಯುವಷ್ಟರಲ್ಲಿ ಅದು ಮೂರು ವಾರಕ್ಕೆ ಇಳಿಯಿತು. ಪೊಂಪಿಲಿಯೋ, "ಸಾಯೋ ಮುಂಚೆ ಊರು ನೋಡ್ಕೊಳ್ತಿದ್ದಾನೆ ಪಾಪ," ಅಂತ ಕಣ್ಣೊರೆಸಿಕೊಂಡನಂತೆ.

ಕೊಲೋಸಿಯಂ ಬಾಗಿಲಲ್ಲಿ ಚೀಲ ತಪಾಸಣೆಯ ಯಂತ್ರವಿತ್ತು. ನೋಡಿದ್ದೇ ನಜ್ಜಾರೆನೋ ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡ. ಲೊರೆದಾನಾ ಸಾಲಿನಿಂದ ಹೊರಗೆ ಹೋದಳು. ನೆನಪಿನ ಗೊಂಬೆ ಮಾರುವವನ ಹತ್ತಿರ ಹೊಳೆಯುವ ಪ್ಲಾಸ್ಟಿಕ್ ಕತ್ತಿಯೊಂದನ್ನು ಕೊಂಡು, ಅದರ ಬೆಲೆ ಚೀಟಿ ಕಿತ್ತು ತಂದು, ಸೊಪ್ಪಿನೊಳಗೆ ಕೈ ಹಾಕಿ ತಲೆಯ ಹಣೆಗೆ ಪಟ್ ಎಂದು ಅಂಟಿಸಿದಳು.

ಯಂತ್ರದ ಮುಂದೆ ಕೂತಿದ್ದ ಹುಡುಗಿ ಪರದೆ ನೋಡಿ ಚೀರಿದಳು. "ಚೀಲದಲ್ಲಿ ತಲೆ ಇದೆ! ಸೊಪ್ಪಿನ ಕೆಳಗೆ ತಲೆ ಇದೆ!"

ದಪ್ಪ ಕಾವಲುಗಾರ ಬಂದು ಸೊಪ್ಪು ಸರಿಸಿ ಚೀಟಿ ಓದಿದ. ಅವನ ಮುಖದಲ್ಲಿ ಕನಿಕರ ಮೂಡಿತು.

"ಇಷ್ಟು ಕೊಟ್ರಾ ಇದಕ್ಕೆ? ನೀವು ರೋಮಿನವರೇ ತಾನೇ? ನಾಚಿಕೆ ಆಗಲ್ವಾ, ಚೆನ್ನಾಗಿ ಟೋಪಿ ಹಾಕಿದ್ದಾರೆ ನಿಮಗೆ! ನೋಡಿ ಇಲ್ಲಿ, ಮುಖ ಒಂಚೂರಾದ್ರೂ ರೋಮನ್ನರ ಥರ ಇದೆಯಾ? ಮೂಗು ಬೇರೆ ಮುರ್ದಿದೆ. ಹೋಗ್ತಾ ವಾಪಸ್ ಕೊಟ್ಟು ಹೋಗಿ, ಬಿಡಬೇಡಿ ಅವನನ್ನ."

"ಆಗ್ಲಿ ಸ್ವಾಮಿ," ಎಂದ ನಜ್ಜಾರೆನೋ, ಜೀವ ಬಂದಂತಾಗಿ.

ಒಳಗೆ ಹೋಗಿ ನಿಂತು ಒಂದು ಸುತ್ತು ನೋಡಿದ. "ಲೊರೆದಾನಾ, ಒಳಗೆ ಏನೂ ಇಲ್ಲವಲ್ಲೇ! ಇದಕ್ಕೆ ಇಷ್ಟು ಜನ ಸಾಯ್ತಾರಾ? ಹೊರಗಿಂದಾನೇ ಚೆನ್ನಾಗಿತ್ತು."

"ಆಮೇಲೆ ನೋಡೋರಂತೆ. ಮೊದಲು ಇವನನ್ನ ಇಳಿಸಿ."

ಕಮಾನಿನ ಸಂದಿಯೊಂದರಲ್ಲಿ ಯಾರೂ ಇಲ್ಲದ್ದು ನೋಡಿ ಇಳಿಸಿದ್ದೂ ಆಯಿತು, ಹತ್ತು ಹೆಜ್ಜೆ ನಡೆದದ್ದೂ ಆಯಿತು. ಹಿಂದಿನಿಂದ ಕೂಗು ಬಂತು. "ಅಣ್ಣಾ! ಅಣ್ಣಾ! ನಿಮ್ಮ ತಲೆ ಬಿಟ್ಟು ಹೊರಟಿದ್ದೀರಿ!" ನೋಡಿದರೆ ಇಬ್ಬರು ವಯಸ್ಸಾದ ಕನ್ಯಾಸ್ತ್ರೀಯರು ತಲೆಯನ್ನು ಎಳೆಗೂಸಿನಂತೆ ಇಬ್ಬರ ಕೈಯಲ್ಲೂ ಹಿಡಿದು, ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದಾರೆ. ಪ್ರಾಮಾಣಿಕರ ಕಾಟ ಕಳ್ಳರ ಕಾಟಕ್ಕಿಂತ ಹೆಚ್ಚು ಅನ್ನುವುದು ನಜ್ಜಾರೆನೋನಿಗೆ ಅವತ್ತು ಅರ್ಥವಾಯಿತು. ಅವರಿಗೆ ಕೈ ಮುಗಿದ. ಅವರು ತಲೆಗೂ ಸೇರಿಸಿ ಆಶೀರ್ವಾದ ಮಾಡಿ ಹೋದರು.

ಫೋರಂ ಬಯಲಿನಲ್ಲಿ ಕೆಲಸ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ಒಂದು ಮುರಿದ ಕಂಬದ ಪಕ್ಕ ತಲೆಯನ್ನು ಹುಲ್ಲಿನ ಮೇಲೆ ಕೂರಿಸಿ, ಲೊರೆದಾನಾ ಸೆರಗಿಲ್ಲದ ತಪ್ಪಿಗೆ ತನ್ನ ಶಾಲಿನಿಂದಲೇ ಅದರ ಕೆನ್ನೆಯ ಮಣ್ಣು ಒರೆಸಿ ಬೀಳ್ಕೊಟ್ಟಳು. ಅವರು ಅತ್ತ ಸರಿಯುವುದಕ್ಕೂ, ಕೊಡೆ ಎತ್ತಿ ಹಿಡಿದ ಗೈಡ್ ಒಬ್ಬ ಹಿಂಡು ಪ್ರವಾಸಿಗಳನ್ನು ಅಟ್ಟಿಕೊಂಡು ಬರುವುದಕ್ಕೂ ಸರಿಹೋಯಿತು. ಗೈಡ್ ತಲೆಯ ಕಡೆ ಒಮ್ಮೆ ನೋಡಿದ. ಅರೆಗಳಿಗೆ ತಡವರಿಸಿದ. ಆಮೇಲೆ ಅದಕ್ಕೆ ಬೆನ್ನು ಹಾಕಿ ಶುರು ಮಾಡಿದ: "ಮಹನೀಯರೇ, ಇದು ಸುಪ್ರಸಿದ್ಧ ಶಿರಸ್ಸು. ಹತ್ತೊಂಬತ್ತು ಶತಮಾನಗಳಿಂದ ಇದೇ ಜಾಗದಲ್ಲಿ, ಇದೇ ಭಂಗಿಯಲ್ಲಿ ಕೂತಿದೆ. ಒಂದು ಇಂಚೂ ಅಲ್ಲಾಡಿಲ್ಲ."

ನಜ್ಜಾರೆನೋ ಬಾಯಿ ಬಿಟ್ಟು ಕೇಳುತ್ತಾ ನಿಂತ. "ಹೌದಾ!" ಎಂದೂ ಅಂದ. ಲೊರೆದಾನಾ ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕಾಯಿತು. ಹೊರಬಾಗಿಲು ಬಂತು. ಇನ್ನೊಂದು ಹೆಜ್ಜೆ ಇಟ್ಟರೆ ಬೀದಿ, ಅಂಗಡಿ, ಕಕ್ಕಸು, ನೆಮ್ಮದಿ. ಅಷ್ಟರಲ್ಲಿ ನಜ್ಜಾರೆನೋ ಹಣೆ ಚಚ್ಚಿಕೊಂಡ.

"ಚೀಟಿ! ಬೆಲೆ ಚೀಟಿ ಕೀಳೋದು ಮರೆತ್ವಲ್ಲೇ!"

"ಹಾಳಾಗ್ಲಿ ಬನ್ರೀ."

"ಹತ್ತೊಂಬತ್ತು ಶತಮಾನದ ತಲೆ ಬೆಲೆ ಚೀಟಿ ಅಂಟಿಸ್ಕೊಂಡು ಕೂತಿರೋದಾ? ನೀನೇ ಹೇಳು, ಮರ್ಯಾದೆನಾ ಅದು?"

ಇಂಥವನಿಗೆ ಏನು ಹೇಳುವುದು! ಕೆಟ್ಟ ಕೆಲಸವನ್ನೂ ಚೊಕ್ಕಟವಾಗಿ ಮಾಡಬೇಕೆನ್ನುವ ಚಟವಿರುವವರಿಗೆ ಉದ್ಧಾರವಿಲ್ಲ. ಇವನು ವಾಪಸ್ ಹೋಗುವಷ್ಟರಲ್ಲಿ ದೊಡ್ಡ ಟೋಪಿಯ ಪ್ರವಾಸಿ ಹೆಂಗಸೊಬ್ಬಳು ಚೀಟಿ ಓದಿ, "ಎಷ್ಟು ಸೋವಿ!" ಎಂದು ಪರ್ಸ್ ತೆಗೆದಿದ್ದಳು. ನಜ್ಜಾರೆನೋ ನುಗ್ಗಿ ಎರಡೂ ಕೈಯಲ್ಲಿ ತಲೆ ಹಿಡಿದು ಹಣೆ ಕೆರೆಯಲು ತೊಡಗಿದ. ಎಲ್ಲಿಂದಲೋ ಸೀಟಿ ಮೊಳಗಿತು. ಓಡಿ ಬಂದ ಕಾವಲುಗಾರ ಸಣಕಲ, ಆದರೆ ಸೀಟಿ ಮಾತ್ರ ಭಾರಿ.

"ಕಳ್ಳ! ಹಾಡಹಗಲೇ ಚಕ್ರವರ್ತಿ ತಲೆಗೆ ಕೈ ಹಾಕ್ತೀಯಾ?"

"ಕದೀತಿಲ್ಲ ಸ್ವಾಮಿ, ಇಟ್ಟು ಹೋಗೋಕೆ ಬಂದೆ!"

"ಇಟ್ಟು ಹೋಗೋಕಾ? ನಾನು ಸೀಟಿ ಹಿಡಿದಾಗಿನಿಂದ ಇಲ್ಲಿಗೆ ಕಲ್ಲು ತಂದವನನ್ನ ನೋಡಿಲ್ಲ. ನಡಿ, ಮೇಡಂ ಹತ್ರ."

ಮೇಡಂ ಎಂದರೆ ದೊತ್ತೊರೆಸ್ಸಾ ಬೆರಾರ್ದಿ (ಓದಿದ ಹೆಂಗಸರನ್ನು ನಾವು ದೊತ್ತೊರೆಸ್ಸಾ ಅನ್ನುತ್ತೇವೆ), ಹಳೇಕಲ್ಲಿನ ಇಲಾಖೆಯ ದೊಡ್ಡ ಅಧಿಕಾರಿ. ಮೇಜಿನ ಮೇಲೆ ತಲೆಯನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದಳು.

"ಇದು ನಮ್ಮ ಲೆಕ್ಕದಲ್ಲಿ ಇಲ್ಲ. ಆದರೆ ಅಸಲಿ. ನಿಜ ಹೇಳಿ, ಎಲ್ಲಿಂದ ಬಂತು ನಿಮಗೆ?"

ನಜ್ಜಾರೆನೋನ ಕಣ್ಣ ಮುಂದೆ ಪೊಂಪಿಲಿಯೋನ ಆರಿದ ಒಲೆ ಬಂದು ನಿಂತಿತು. ನೆಲಮಾಳಿಗೆ ಅಂದರೆ ಸತ್ತ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ತಾತ... ನಮ್ಮ ತಾತ ಅಮೆರೀಗೋ... ಹಿಂದೆ ಯಾವಾಗಲೋ... ಇಲ್ಲಿಂದಾನೇ... ಎತ್ಕೊಂಡು ಬಂದಿದ್ದಂತೆ."

ದೊತ್ತೊರೆಸ್ಸಾ ಕುರ್ಚಿಯಿಂದ ಎದ್ದಳು. ಅವಳ ಕಣ್ಣಲ್ಲಿ ನೀರು! "ಮೊಮ್ಮಗ ತಂದು ಒಪ್ಪಿಸಿದ! ಕೇಳಿದೆಯೇನಯ್ಯ, ತಾತನ ಪಾಪ ಮೊಮ್ಮಗ ತೊಳೆದ! ಪ್ರವಾಸಿಗಳು ದಿನಾ ಜೇಬಲ್ಲಿ ತುಂಬ್ಕೊಂಡು ಹೋಗ್ತಾರೆ, ಈ ಪುಣ್ಯಾತ್ಮ ಗಾಲಿ ಚೀಲದಲ್ಲಿ ಹೇರ್ಕೊಂಡು ತಂದ! ಕಾಫಿ ತನ್ನಿ ಇವರಿಗೆ!" ಸಣಕಲ ಕಾವಲುಗಾರ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಸಲ್ಯೂಟ್ ಹೊಡೆದ.

ಸಂಜೆ ಸರ್ಕಾರಿ ಕಾರಿನಲ್ಲಿ ಗಂಡ ಹೆಂಡತಿ ಕೇರಿಗೆ ಬಂದಿಳಿದರು. ಮಾರನೇ ದಿನ ಪತ್ರಿಕೆಯಲ್ಲಿ 'ತಾತ ಕದ್ದ, ಮೊಮ್ಮಗ ಒಪ್ಪಿಸಿದ' ಎಂದು ದಪ್ಪಕ್ಷರದಲ್ಲಿ ಬಂತು. ಎಲ್ವಿಯೋ ಎರಡು ಸುದ್ದಿಯನ್ನೂ ಹೊಲಿದು ಒಂದು ಮಾಡಿದ. "ನಾನು ಹೇಳ್ಲಿಲ್ವಾ? ಸಾಯೋನು ಸುಳ್ಳು ಹೇಳಲ್ಲ. ಹೋಗೋ ಮುಂಚೆ ಮನೆತನದ ಪಾಪ ಇಳಿಸ್ಕೊಂಡ."

ಅಲ್ಲಿಂದ ಶುರುವಾಯಿತು ಅಮೆರೀಗೋ ತಾತನ ಕರ್ಮ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರಲ್ಲ, ಇಲ್ಲಿ ಕಲ್ಲಿಗೆ ಹೋಯಿತು. ಕೇರಿಯಲ್ಲಿ ಮೂರು ತಲೆಮಾರಿನಿಂದ ಕಳೆದುಹೋದದ್ದೆಲ್ಲ ತಾತನ ಪಾಲಿಗೆ ಬಂತು. ಚರ್ಚಿನ ಬೆಳ್ಳಿ ದೀಪದ ಕಂಬ, ಎಲ್ವಿಯೋನ ಅಪ್ಪನ ಸೈಕಲ್ಲು, ಪೊಂಪಿಲಿಯೋನ ಅಜ್ಜಿಯ ಮೊಟ್ಟೆ ಇಡುತ್ತಿದ್ದ ಕೋಳಿ. "ಮೀಸೆ ನೋಡಿದ್ರೇನೇ ಗೊತ್ತಾಗ್ತಿತ್ತು," ಎಂದರು, ಅದೇ ಮೀಸೆಯ ಕೆಳಗೆ ಇಪ್ಪತ್ತು ವರ್ಷ ಊಟ ಮಾಡಿದ್ದವರು. ಪಾದ್ರಿ ಭಾನುವಾರದ ಬೋಧನೆಯಲ್ಲಿ ತಾತನನ್ನು ನರಕದ ಒಂದು ಮೂಲೆಯಲ್ಲಿ ಕೂರಿಸಿ, ಮೊಮ್ಮಗನ ಪುಣ್ಯದಿಂದ ಸ್ವಲ್ಪ ಮೇಲಕ್ಕೆ ಎತ್ತಿದರು.

ವ್ಯಾಪಾರ ಮಾತ್ರ ಕುದುರಿತು! ಕಳ್ಳನ ಫೋಟೋ ಕೆಳಗೆ ಕೂತು ಊಟ ಮಾಡಲು ಜನ ಬೀದಿಯವರೆಗೆ ಸಾಲು ನಿಂತರು. ಎಜಿಸ್ತೋ ಈ ಗದ್ದಲದಲ್ಲೇ ಸಿಮೆಂಟ್ ಹಾಕಿ ಕಕ್ಕಸು ಮುಗಿಸಿದ. ಆರೋಗ್ಯ ಇಲಾಖೆಯವನು ಬಂದು ಉಪಯೋಗಿಸಿ ನೋಡಿ, ಸಂತೃಪ್ತನಾಗಿ, ಬೀಗದ ಮಾತು ಹಿಂತೆಗೆದುಕೊಂಡ. ಅಂಗಡಿ ಉಳಿಯಿತು. ನಜ್ಜಾರೆನೋ ಮಾತ್ರ ತಟ್ಟೆ ಹಿಡಿದು ಆ ಗೋಡೆಯ ಹತ್ತಿರ ಹೋಗಬೇಕಾದಾಗಲೆಲ್ಲ ಬಗ್ಗಿಕೊಂಡು ಹೋಗುತ್ತಿದ್ದ. ಸತ್ತವರು ವಾಪಸ್ ಬಂದು ಕೇಳುವುದಿಲ್ಲ ನಿಜ, ಆದರೂ ತಾತನ ಮುಖ ನೋಡಲು ಅವನಿಗೆ ನಾಚಿಕೆಯಾಗುತ್ತಿತ್ತು.

ಕಾಂಪಿದೋಲ್ಯೋ ಗುಡ್ಡದ ಮೇಲಿನ ದೊಡ್ಡ ಸಭಾಂಗಣದಲ್ಲಿ ಸನ್ಮಾನ ಗೊತ್ತಾಯಿತು. ಮಂತ್ರಿಯೊಬ್ಬರು ಬರುವವರು. ಅದೇ ಬೆಳಿಗ್ಗೆ ಎರ್ಸಿಲಿಯಾ ಅತ್ತೆಯ ಬಸ್ಸೂ ಬಂತು. ಊಟೆ ನೀರು ಕುಡಿದು ಮುಖ ಕಳೆಕಳೆಯಾಗಿತ್ತು.

"ಸನ್ಮಾನ ಯಾತಕ್ಕೆ?" ಎಂದಳು ಅತ್ತೆ.

"ಅಡುಗೆಗೆ ಅತ್ತೇ, ಅಡುಗೆಗೆ," ಎಂದಳು ಲೊರೆದಾನಾ.

"ಇವನ ಅಡುಗೆಗಾ? ಮಂತ್ರಿ ಉಂಡಿದ್ದಾನಾ?" ಎಂದು ಅನುಮಾನಿಸಿದರೂ ಮುದುಕಿ ಕಪ್ಪು ರೇಷ್ಮೆ ಉಟ್ಟು ಮುಂದಿನ ಸಾಲಿನಲ್ಲಿ ಬಂದು ಕೂತಳು. ಕೇರಿಯವರು ಒಬ್ಬೊಬ್ಬರಾಗಿ ಬಂದು ಅವಳ ಕೈ ಒತ್ತಿದರು. "ನೀವೇನ್ ಮಾಡ್ತೀರಿ ಪಾಪ, ಅಪ್ಪನ್ನ ಆರಿಸ್ಕೊಂಡು ಹುಟ್ಟೋಕಾಗುತ್ತಾ?" ಎಂದಳೊಬ್ಬಳು. ಪೊಂಪಿಲಿಯೋ ಬಂದು, "ಕೋಳಿ ವಿಷಯ ನಾನು ಕ್ಷಮಿಸಿದ್ದೀನಿ," ಎಂದ. ಅತ್ತೆಗೆ ತಲೆಬುಡ ತಿಳಿಯಲಿಲ್ಲ. ಇವರೆಲ್ಲ ಬೆಳಿಗ್ಗೆಯೇ ಕುಡಿದಿದ್ದಾರೆ ಅಂದುಕೊಂಡಳು.

ವೇದಿಕೆಯ ಮೇಲೆ ಮೋಟು ಪೀಠದಲ್ಲಿ ಕೆಂಪು ಮಖಮಲ್ಲು ಹಾಸಿ ತಲೆ ಇಟ್ಟಿದ್ದರು. ಪಕ್ಕದಲ್ಲೇ, ಸೊಪ್ಪಿನ ಕಲೆ ಸಹಿತ, ಗಾಲಿ ಚೀಲವನ್ನೂ ಪ್ರದರ್ಶನಕ್ಕೆ ಇಟ್ಟಿದ್ದರು. ಬೆಳ್ಳಿ ತಟ್ಟೆ ನಜ್ಜಾರೆನೋನ ಕೈಗೆ ಬಂತು. ದೊತ್ತೊರೆಸ್ಸಾ ಮೈಕು ಹಿಡಿದಳು.

"ಇವರ ತಾತ ಅಮೆರೀಗೋ ಒಬ್ಬ ಕಳ್ಳ! ಕತ್ತಲಲ್ಲಿ ರೋಮಿನ ಮಾನ ಕದ್ದೊಯ್ದ ನೀಚ! ಆದರೆ ಆ ಕೊಳಕಿನಲ್ಲಿ ಈ ಕಮಲ..."

"ಯಾರು ಕಳ್ಳ?"

ಮುಂದಿನ ಸಾಲಿನಲ್ಲಿ ಎರ್ಸಿಲಿಯಾ ಅತ್ತೆ ಎದ್ದು ನಿಂತಿದ್ದಳು.

"ನಜ್ಜಾರೆ, ಯಾರೋ ಕಳ್ಳ? ಯುದ್ಧದ ಕಾಲದಲ್ಲಿ ಕೇರಿಗೆ ಕೇರಿನೇ ಹಸಿದಿತ್ತು. ಮಿಲಿಟರಿ ಲಾರಿಯಿಂದ ನಮ್ಮ ಬಾಗಿಲ ಮುಂದೆ ಹಿಟ್ಟಿನ ಮೂಟೆ ಬಿತ್ತು. ನಮ್ಮಪ್ಪ ಅದನ್ನ ಹೆಗಲ ಮೇಲೆ ಹೊತ್ಕೊಂಡು ಹೋಗಿ ವಾಪಸ್ ಕೊಟ್ಟು ಬಂದ. ನಮ್ದಲ್ಲ ಅಂದ. ಅವತ್ತು ನಾನು ಉಪವಾಸ ಮಲಗಿದೆ ಕಣೋ, ನಿಮ್ಮಪ್ಪನೂ ಉಪವಾಸ ಮಲಗಿದ. ನಮ್ಮಮ್ಮ ವಾರದ ತನಕ ಗಂಡನ ಹತ್ರ ಮಾತಾಡ್ಲಿಲ್ಲ. ಆ ಮನುಷ್ಯ ಕಳ್ಳನಾ? ನೀನು ಹೇಳಿದ್ಯಾ ಹಾಗಂತ?"

ನಜ್ಜಾರೆನೋ ಬೆಳ್ಳಿ ತಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಮೈಕಿನ ಹತ್ತಿರ ಬಂದ. "ತಾತ ಕದ್ದಿಲ್ಲ," ಎಂದ. "ನಮ್ಮ ನೆಲಮಾಳಿಗೇಲಿ ಸಿಕ್ತು. ಕಕ್ಕಸಿಗೆ ಅಗೆದಾಗ."

ದೊತ್ತೊರೆಸ್ಸಾ ಥಟ್ಟನೆ ಮೈಕಿಗೆ ಅಂಗೈ ಮುಚ್ಚಿದಳು. ಅವಳ ದನಿಯಲ್ಲಿದ್ದದ್ದು ಕೋಪವಲ್ಲ, ದೈನ್ಯ.

"ಹಾಗನ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ! ನೆಲಮಾಳಿಗೆ ಅಂದ್ರೆ ನಾನು ಅಗೀಬೇಕಾಗುತ್ತೆ. ಅಗೆದಿಟ್ಟ ಗುಂಡಿಗಳಿಗೆ ತಗಡು ಮುಚ್ಚೋಕೇ ನನಗೆ ಗತಿ ಇಲ್ಲ. ಊರೆಲ್ಲ ಪಟ್ಟಿ ಕಟ್ಟಿ ಕಟ್ಟಿ ನನಗೂ ಸಾಕಾಗಿದೆ ಕಣ್ರೀ. ಮಂತ್ರಿಗಳು ಬೇರೆ ಕಳ್ಳನ ಮೇಲೇ ಭಾಷಣ ಬರೆಸ್ಕೊಂಡು ಬಂದಿದ್ದಾರೆ. ನಿಮ್ಮ ತಾತ ಕಳ್ಳನಾಗೇ ಇರ್ಲಿ. ನಿಮ್ಮ ಅಂಗಡಿಗೂ ಕ್ಷೇಮ, ನನಗೂ ಕ್ಷೇಮ."

"ನಜ್ಜಾರೆ, ಅಂಗಡಿ ಕಣೋ, ಅಂಗಡಿ!" ಎಂದು ಕೆಳಗಿನಿಂದ ಎಲ್ವಿಯೋ ಪಿಸುಗುಟ್ಟಿದ್ದು ಹಿಂದಿನ ಸಾಲಿಗೂ ಕೇಳಿಸಿತು. ನಜ್ಜಾರೆನೋ ಲೊರೆದಾನಾಳ ಕಡೆ ನೋಡಿದ. ಲೊರೆದಾನಾ ನೆಲ ನೋಡುತ್ತಿದ್ದಳು. ಅವನು ಬಾಯಿ ತೆರೆದ, ಮುಚ್ಚಿದ. ಆ ಒಂದು ಗಳಿಗೆ ಸಾಕಾಯಿತು. ದೊತ್ತೊರೆಸ್ಸಾ ಅಂಗೈ ತೆಗೆದು ಮೈಕಿನಲ್ಲಿ, "ಎಂಥ ವಿನಯ! ತಾತನ ಮಾನ ಮುಚ್ಚಲು ತನ್ನ ಕಕ್ಕಸನ್ನೇ ಬಲಿ ಕೊಟ್ಟ ಮಹಾನುಭಾವ!" ಎಂದು ಕೂಗಿದಳು. ಚಪ್ಪಾಳೆಗೆ ಸೂರು ಹಾರುವಂತಾಯಿತು. ಮಂತ್ರಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಾದ್ರಿಯೂ ತಟ್ಟಿದರು. ನಜ್ಜಾರೆನೋ ತಟ್ಟೆ ಹಿಡಿದು ನಿಂತೇ ಇದ್ದ.

ಎರ್ಸಿಲಿಯಾ ಅತ್ತೆ ಚಪ್ಪಾಳೆಯ ನಡುವೆಯೇ ಒಂದೊಂದೇ ಮೆಟ್ಟಿಲು ಹತ್ತಿ ವೇದಿಕೆಗೆ ಬಂದಳು. ಸನ್ಮಾನಿತರ ಅತ್ತೆ, ಮುದ್ದಾಡಲು ಬಂದಳು ಎಂದು ಎಲ್ಲರೂ ದಾರಿ ಬಿಟ್ಟರು. ಅವಳು ಗಾಲಿ ಚೀಲವನ್ನು ಪೀಠಕ್ಕೆ ಒತ್ತಿ ನಿಲ್ಲಿಸಿ, ಎರಡೂ ಕೈಯಿಂದ ತಲೆಯನ್ನು ಒಂದು ದೂಡು ದೂಡಿದಳು. ಧೊಪ್ ಎಂದು ಅದು ಚೀಲಕ್ಕೆ ಬಿತ್ತು. ಆಮೇಲೆ ಚೀಲ ಎಳೆದುಕೊಂಡು, ಮೆಟ್ಟಿಲ ಮೇಲೆ ಧಡ್ ಧಡ್ ಎಂದು ಇಳಿಸಿಕೊಂಡು, ಬಾಗಿಲ ಕಡೆ ನಡೆದಳು. ಬಾಗಿಲಲ್ಲಿದ್ದವನು ಅದೇ ಸಣಕಲ ಕಾವಲುಗಾರ. ಏನು ಮಾಡುವುದೆಂದು ತಿಳಿಯದೆ ಸೀಟಿ ಊದಿದ.

"ಅಜ್ಜೀ, ಇದು ಕಳ್ಳತನ!"

"ಹೌದಪ್ಪ, ಕಳ್ಳತನವೇ. ಅಷ್ಟು ಜನದ ಕಣ್ಣೆದುರಿಗೆ ಮಾಡಿದ್ದೀನಿ. ತೆಗಿ ನಿನ್ನ ಪೆನ್ನು. ಬರ್ಕೋ. ಎರ್ಸಿಲಿಯಾ, ಅಮೆರೀಗೋನ ಮಗಳು, ಈ ತಲೆ ಕದ್ದಳು. ನಿಮಗೆ ನಮ್ಮ ಮನೇಲಿ ಒಬ್ಬ ಕಳ್ಳ ಬೇಕು ತಾನೇ? ನನ್ನ ಹೆಸರು ಹಾಕು, ನಮ್ಮಪ್ಪನ ಹೆಸರು ಹೊಡೆದುಹಾಕು."

ಕಾವಲುಗಾರ ಪೆನ್ನು ತೆಗೆದ. ಬರೆಯಲು ಬಗ್ಗಿ, ಮತ್ತೆ ತಲೆ ಎತ್ತಿದ.

"ಅಜ್ಜೀ... ಮಾಲು ಮೂಲದಲ್ಲಿ ಎಲ್ಲಿಯದು ಅಂತ ಬರೀದೆ ಕೇಸಾಗಲ್ಲ."

ಅದನ್ನು ಹೇಳಬೇಕಾದವಳು ಅತ್ತೆಯಲ್ಲವಲ್ಲ. ತಿರುಗಿ ಅಣ್ಣನ ಮಗನ ಕಡೆ ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಬೈದಿದ್ದರೆ ಚೆನ್ನಾಗಿತ್ತು.

ನಜ್ಜಾರೆನೋ ಬೆಳ್ಳಿ ತಟ್ಟೆಯನ್ನು ಖಾಲಿ ಪೀಠದ ಮೇಲಿಟ್ಟ. ಮೆಟ್ಟಿಲಿಳಿದು, ಎಲ್ವಿಯೋನನ್ನೂ ಪೊಂಪಿಲಿಯೋನನ್ನೂ ದಾಟಿ, ಬಾಗಿಲ ತನಕ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದ.

"ಬರ್ಕೊಳ್ಳಿ ಸ್ವಾಮಿ. ಮೋಂತಿ ಕೇರಿ, ಕಾರಂಜಿ ಹಿಂದಿನ ಓಣಿ, ಪುರಾತನ ಭೋಜನಶಾಲೆ. ನೆಲಮಾಳಿಗೆ. ಮೆಟ್ಟಿಲಿಳಿದು ಎಡಕ್ಕೆ, ಹೊಸ ಸಿಮೆಂಟಿನ ಕೆಳಗೆ. ಅಲ್ಲಿಂದ ಬಂದದ್ದು ಇದು. ನಮ್ಮ ತಾತ ಇದನ್ನ ಮುಟ್ಟೂ ಇಲ್ಲ."

ಕಾವಲುಗಾರ ಒಂದೊಂದೇ ಅಕ್ಷರ ಬರೆದ. ಬರೆದದ್ದನ್ನು ಇನ್ನು ಯಾವ ಮಂತ್ರಿಯೂ ಅಳಿಸುವ ಹಾಗಿರಲಿಲ್ಲ. ಎರ್ಸಿಲಿಯಾ ಅತ್ತೆ ಚೀಲದ ಹಿಡಿಯನ್ನು ನಜ್ಜಾರೆನೋನ ಕೈಗೆ ಕೊಟ್ಟಳು. ಲೊರೆದಾನಾ ಬಂದು ಇಬ್ಬರ ಪಕ್ಕ ನಿಂತಳು, ಮೂಗು ಒರೆಸಿಕೊಳ್ಳುತ್ತಾ.

ವೇದಿಕೆಯ ಮೇಲೆ ದೊತ್ತೊರೆಸ್ಸಾ ಬೆರಾರ್ದಿ ಎರಡೂ ಕೈಯಲ್ಲಿ ಹಣೆ ಹಿಡಿದು ಕೂತಿದ್ದಳು. ಸೋತ ದನಿಯಲ್ಲಿ ಕೇಳಿದಳು.

"ಪಟ್ಟಿ ಕಟ್ಟೋಕೆ ನಾಳೆ ಎಷ್ಟು ಹೊತ್ತಿಗೆ ಬರಲಿ?"

"ಯಾವಾಗ ಬೇಕಾದ್ರೂ ಬನ್ನಿ ಮೇಡಂ," ಎಂದ ನಜ್ಜಾರೆನೋ. "ಆದರೆ ಊಟ ಮಾಡ್ಕೊಂಡೇ ಬನ್ನಿ. ನಮ್ಮಲ್ಲಿ ಇನ್ನು ಊಟ ಇರಲ್ಲ."